ಕೆಂಪು ಮರದ ಕೆಂಪು ಎಷ್ಟು ದಿನ?

ಬಣ್ಣದಂಗಡಿಗೆ ಹೋಗಿ ‘ಮರದ ಬಣ್ಣ ಕೊಡಿ’ ಅನ್ನಿ. ಯಾವ ಮರ ಅಂತ ಅಂಗಡಿಯವರು ಕೇಳುವುದಿಲ್ಲ. ಅವರ ಕೈ ನೇರವಾಗಿ ಕಂದು ಬಣ್ಣದ ಡಬ್ಬಕ್ಕೇ ಹೋಗುತ್ತದೆ. ಮರ ಅಂದರೆ ಕಂದು ಎಂದು ಯಾವ ಪುಣ್ಯಾತ್ಮರು ತೀರ್ಮಾನ ಮಾಡಿಬಿಟ್ಟರೋ! ನಮ್ಮ ಹಲಸನ್ನೇ ನೋಡಿ, ಕೊಯ್ದ ದಿನ ಅಪ್ಪಟ ಹಳದಿ. ಬೀಟೆಯ ಒಳಗೆ ನೇರಳೆ ಗೆರೆಗಳು ಓಡಾಡುತ್ತಿರುತ್ತವೆ. ಚನ್ನಪಟ್ಟಣದವರು ಬೊಂಬೆ ಕಡೆಯುವ ಆಲೆ ಮರ ಹೆಚ್ಚುಕಡಿಮೆ ಬಿಳಿ; ಅದರ ಮೇಲೆ ಕಾಣುವ ಕೆಂಪು, ಹಸಿರು, ಹಳದಿಯೆಲ್ಲ ಅರಗಿನ ಕೃಪೆ. ದೇಶದ ಗಡಿ ದಾಟಿದರೆ ಕೇಳುವುದೇ ಬೇಡ. ದಕ್ಷಿಣ ಅಮೆರಿಕದಲ್ಲಿ ನೇರಳೆ ಮರ, ದಕ್ಷಿಣ ಆಫ್ರಿಕದಲ್ಲಿ ಗುಲಾಬಿ ಮರ, ಕೆರಿಬಿಯನ್ ದ್ವೀಪಗಳಲ್ಲಿ ಹಸಿರು ಛಾಯೆಯ ಮರ. ಆಮೇಲೆ ಪಡಾಕ್.

ಈ ಪಡಾಕಿನ ವಿಷಯವೇ ಇವತ್ತಿನ ಹರಟೆ. ಮಧ್ಯೆ ದಾರಿ ತಪ್ಪಿ ಅಂಡಮಾನಿಗೂ ಕಾಂಗೋಗೂ ಹೋಗಿ ಬಂದರೆ ಬೇಸರ ಮಾಡಿಕೊಳ್ಳಬೇಡಿ, ಮರವೇ ಅಷ್ಟು ಊರು ಸುತ್ತಿದೆ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮನೆ ಕಟ್ಟಿಸುವವರು ಮುಂಬಾಗಿಲಿಗೆ ಮರ ನೋಡಲು ಹೋದಾಗ ಟಿಂಬರ್ ಅಂಗಡಿಯವರು ಮೊದಲು ತೇಗ ತೋರಿಸುತ್ತಾರೆ. ರೇಟು ಕೇಳಿ ಗಿರಾಕಿಯ ಮುಖ ಸಣ್ಣದಾದ ಮೇಲೆ ಮೂಲೆಯಿಂದ ಒಂದು ಹಲಗೆ ಎಳೆದು, ತುದಿಗೆ ನಾಲ್ಕು ಏಟು ತೋಪಡ ಹೊಡೆಸಿ, ‘ಇದು ನೋಡಿ ಸಾರ್, ಆಫ್ರಿಕನ್ ಪಡಾಕ್’ ಅನ್ನುತ್ತಾರೆ. ಮೇಲುಗಡೆ ಧೂಳು ಹಿಡಿದು ಮಂಕಾಗಿದ್ದ ಹಲಗೆಯ ಒಳಗಿನಿಂದ ಕಿತ್ತಳೆಗೂ ಕುಂಕುಮಕ್ಕೂ ನಡುವಿನ ಒಂದು ಬಣ್ಣ ಎದ್ದು ಬರುತ್ತದೆ. ಮನೆಯ ಯಜಮಾನಿ ‘ಪಾಲಿಶ್ ಹಾಕಿದ ಮೇಲೂ ಹೀಗೇ ಇರುತ್ತಾ?’ ಅಂತ ಕೇಳಿದರೆ ಅಂಗಡಿಯವರು ‘ಇನ್ನೂ ಚೆನ್ನಾಗಿರುತ್ತೆ ಮೇಡಂ’ ಅನ್ನುತ್ತಾರೆ. ಅದು ಸುಳ್ಳಲ್ಲ. ಪಾಲಿಶ್ ಹಾಕಿದ ವಾರ ನಿಜವಾಗಿಯೂ ಇನ್ನೂ ಚೆನ್ನಾಗಿರುತ್ತದೆ. ವರ್ಷದ ಮಾತನ್ನು ಅವರೂ ಎತ್ತುವುದಿಲ್ಲ, ಇವರೂ ಕೇಳುವುದಿಲ್ಲ.

ಮರಗೆಲಸದವರ ಪಕ್ಕ ಕೂತು ನೋಡಿದರೆ ಈ ಮರದ ಗುಣ ಬೇಗ ತಿಳಿಯುತ್ತದೆ. ಮೈಸೂರಿನಲ್ಲಿ ನನಗೆ ಪರಿಚಯದ ಒಬ್ಬ ಆಚಾರ್ರು ಇದ್ದಾರೆ. ಅವರ ಕೆಲಸದ ಕೊಟ್ಟಿಗೆಯಲ್ಲಿ ಬೇರೆ ದಿನ ಹೊಟ್ಟಿನ ಬಣ್ಣ ಬಿಸ್ಕತ್ತಿನದು. ಪಡಾಕ್ ಕೊಯ್ದ ದಿನ ನೆಲ, ಕಿಟಕಿಯ ಸರಳು, ಬಲ್ಬು, ಟೀ ಲೋಟದ ಅಂಚು, ಆಚಾರ್ರ ಹುಬ್ಬು ಎಲ್ಲವೂ ಕಿತ್ತಳೆ. ಗರಗಸದ ಹಲ್ಲಿನಿಂದ ಪುಡಿ ಹಾರುವಾಗ ಬಿಸಿಲಿನ ಕೋಲಿನಲ್ಲಿ ಅದು ಹೊಳೆಯುತ್ತದೆ. ಬೆವರಿನ ಕೈಗೆ ಮೆತ್ತಿಕೊಂಡರೆ ಸೋಪಿಗೂ ಸುಲಭವಾಗಿ ಬಗ್ಗುವುದಿಲ್ಲ. ‘ಬಿಳಿ ಪಂಚೆ ಉಟ್ಕೊಂಡು ಈ ಕಡೆ ಬರಬೇಡಿ ಸಾರ್, ಹೋಳಿ ಆಗೋಗುತ್ತೆ’ ಎಂದು ಅವರು ನನಗೆ ಮುಂಚೆಯೇ ಹೇಳಿದ್ದರು. ಕೆಲವರಿಗೆ ಈ ಪುಡಿ ಮೂಗಿಗೆ ಹೋದರೆ ಸೀನಿನ ಮೇಲೆ ಸೀನು, ಚರ್ಮಕ್ಕೆ ತಾಗಿದರೆ ನವೆ. ಆಚಾರ್ರ ಮೂಗಿಗೆ ಟವಲ್ಲು ಕಟ್ಟಿದ್ದು ಕಂಡೆ. ಮಾಸ್ಕ್ ಇಟ್ಟುಕೊಳ್ಳಿ ಅಂದರೆ ‘ಅದ್ರಲ್ಲಿ ಬೀಡಿ ಸೇದೋಕಾಗಲ್ಲ’ ಅನ್ನುವ ಜಾತಿ ಅವರು.

ಕೆಲಸಕ್ಕೆ ಪಡಾಕ್ ಒಳ್ಳೆಯ ಮರ. ಮರದ ಗಡಸುತನ ಅಳೆಯಲು ಜಾಂಕಾ ಎಂಬ ಒಂದು ಪರೀಕ್ಷೆ ಇದೆ: ಸುಮಾರು 11 ಮಿಲಿಮೀಟರ್ ದಪ್ಪದ ಉಕ್ಕಿನ ಗುಂಡನ್ನು ಮರದೊಳಕ್ಕೆ ಅರ್ಧ ಮುಳುಗುವವರೆಗೆ ಒತ್ತಿ, ಎಷ್ಟು ಬಲ ಬೇಕಾಯಿತು ಎಂದು ನೋಡುವುದು. ತೇಗಕ್ಕೆ ಸುಮಾರು 1,070 ಪೌಂಡ್ ಬಲ ಸಾಕು, ಆಫ್ರಿಕದ ಪಡಾಕಿಗೆ 1,970ರ ಹತ್ತಿರ ಬೇಕು. ತೂಕದಲ್ಲಿ ಒಂದು ಘನ ಮೀಟರಿಗೆ 745 ಕಿಲೋ ಆಸುಪಾಸು, ತೇಗಕ್ಕಿಂತ ಸ್ವಲ್ಪ ಭಾರ. ಇಷ್ಟು ಗಡಸಾದರೂ ಉಳಿಗೆ ಮಣಿಯುತ್ತದೆ, ಅಂಟು ಹಿಡಿಯುತ್ತದೆ, ಲೇತಿನ ಮೇಲೆ ಸಲೀಸಾಗಿ ತಿರುಗುತ್ತದೆ. ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ. ಗೆದ್ದಲಿಗೂ ಕೊಳೆಗೂ ಚೇಗು ಜಗ್ಗುವುದಿಲ್ಲ. ಚೇಗಿನ ಹೊರಗಿನ ಬಿಳಿ ಭಾಗಕ್ಕೆ ಈ ಗುಣ ಇಲ್ಲ, ಬಣ್ಣವೂ ಇಲ್ಲ. ಅದನ್ನು ಕಡಿದು ಬಿಸಾಡಬೇಕು. ಎಳೆ ಒಂದು ಪದರದಲ್ಲಿ ಆ ಕಡೆ, ಮುಂದಿನ ಪದರದಲ್ಲಿ ಈ ಕಡೆ ವಾಲಿಕೊಂಡಿರುವ ತುಂಡು ಸಿಕ್ಕರೆ ಮಾತ್ರ ತೋಪಡ ಹೊಡೆಯುವಾಗ ಸಿಬಿರು ಕೀಳುತ್ತದೆ. ಅಂಥ ಕಡೆ ಬ್ಲೇಡು ಹರಿತ ಮಾಡಿ ಕೂದಲೆಳೆಯಷ್ಟು ತೆಳ್ಳಗೆ ತೆಗೆಯಬೇಕು. ರಂಧ್ರಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು, ಕನ್ನಡಿಯ ನುಣುಪು ಬೇಕಾದರೆ ಅವನ್ನು ಮೊದಲು ತುಂಬಿಸಬೇಕು.

ನಿಜವಾದ ತಲೆನೋವು ಶುರುವಾಗುವುದು ಪಾಲಿಶ್ ಮಾಡುವವರು ಬಂದಾಗ. ನಮ್ಮಲ್ಲಿ ಪಾಲಿಶ್ ಅಂದರೆ ಇವತ್ತಿಗೂ ಬಹಳ ಕಡೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಲ್ಲಿ ಉಜ್ಜುವುದು. ಪಡಾಕಿನ ಕೆಂಪು ಸ್ಪಿರಿಟ್ಟಿಗೆ ಸಲೀಸಾಗಿ ಬಿಟ್ಟುಕೊಡುತ್ತದೆ. ಉಂಡೆ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಕೆಂಪು. ಬರೀ ಪಡಾಕಿನ ಪೆಟ್ಟಿಗೆಯಾದರೆ ಚಿಂತೆಯಿಲ್ಲ. ಪಕ್ಕದಲ್ಲಿ ಒಂದು ಪಟ್ಟಿ ಬಿಳಿ ಮರ ಕೂರಿಸಿದ್ದರೆ ಮುಗಿಯಿತು ಕತೆ, ಅದರ ಮೈಗೆಲ್ಲ ಗುಲಾಬಿ ಕಲೆ. ಮರಳು ಕಾಗದ ಉಜ್ಜಿದರಂತೂ ಕೆಂಪು ಪುಡಿ ಬಿಳಿ ಮರದ ರಂಧ್ರದೊಳಕ್ಕೆ ಹೋಗಿ ಕೂತು, ಕೆರೆದಷ್ಟೂ ಒಳಗೇ ಇಳಿಯುತ್ತದೆ. ಇದಕ್ಕೆ ಬಲ್ಲವರು ಮಾಡುವ ಉಪಾಯ ಸರಳ. ಎರಡು ಮರ ಜೋಡಿಸಿದ ಕಡೆ ಮರಳು ಕಾಗದದ ಬದಲು ಉಕ್ಕಿನ ಚೂಪು ಪಟ್ಟಿಯಿಂದ ಹೆರೆಯುತ್ತಾರೆ, ಪುಡಿಯನ್ನು ಬಟ್ಟೆಯಲ್ಲಿ ಒರೆಸದೆ ಗಾಳಿ ಊದಿ ಹಾರಿಸುತ್ತಾರೆ, ಮೊದಲ ಕೋಟು ನೀರಿನಲ್ಲಿ ಕಲಸುವ ಸೀಲರ್ ಹಾಕುತ್ತಾರೆ. ಆ ಕೆಂಪು ನೀರಿಗೆ ಅಷ್ಟಾಗಿ ಕರಗುವುದಿಲ್ಲ. ಒಮ್ಮೆ ಬಾಗಿಲು ಮುಚ್ಚಿದಂತಾದ ಮೇಲೆ ಯಾವ ಪಾಲಿಶ್ ಬೇಕಾದರೂ ಎಳೆಯಬಹುದು.

ಈ ಹಟಮಾರಿ ಕೆಂಪಿಗೆ ಕಾರಣ ಸ್ಯಾಂಟಲಿನ್ ಗುಂಪಿನ ವರ್ಣದ್ರವ್ಯ. ನಮ್ಮ ರಕ್ತಚಂದನದಲ್ಲಿ ಇರುವುದೂ ಅದೇ. ಬಡಗಿ ಶಾಪ ಹಾಕುವ ಈ ಪುಡಿಯನ್ನು ಆಫ್ರಿಕದ ಜನ ಬೇಕೆಂದೇ ಮಾಡಿಕೊಳ್ಳುತ್ತಿದ್ದರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಕಾಂಗೋದ ಕುಬಾ ಜನ ಕೆಂಪು ಮರವನ್ನು ಅರೆದು ‘ಟುಕುಲಾ’ ಎಂಬ ಪುಡಿ ತಯಾರಿಸಿ, ತಾಳೆ ಎಣ್ಣೆಯಲ್ಲಿ ಕಲಸಿ ಮೈಗೆ, ಬಟ್ಟೆಗೆ, ಕೆತ್ತಿದ ಬೊಂಬೆಗಳಿಗೆ ಹಚ್ಚುತ್ತಿದ್ದರು. ಅದೇ ಹಿಟ್ಟನ್ನು ಗಟ್ಟಿ ಮಾಡಿ, ಮೇಲೆ ಚಿತ್ತಾರ ಕೊರೆದು, ಸಾವಾದ ಮನೆಯಲ್ಲಿ ಸತ್ತವರ ನೆನಪಿಗೆ ಎಂದು ಬಂಧುಗಳಿಗೆ ಹಂಚುವ ಪದ್ಧತಿಯೂ ಅವರಲ್ಲಿತ್ತು. ನಾವು ರಕ್ತಚಂದನದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯ್ದು ಹಣೆಗೆ ಇಟ್ಟುಕೊಳ್ಳುತ್ತೇವೆ, ಮೊಡವೆಗೆ ಹಚ್ಚುತ್ತೇವೆ. ಕಾಡು ಬೇರೆ, ಖಂಡ ಬೇರೆ, ಮರದ ಕುಲ ಒಂದೇ.

ಕುಲ ಅಂದದ್ದು ಸುಮ್ಮನೆ ಅಲ್ಲ. ಸಸ್ಯಶಾಸ್ತ್ರದವರು ಟೆರೊಕಾರ್ಪಸ್ ಎಂದು ಕರೆಯುವ ದೊಡ್ಡ ಮನೆತನ ಇದು. ಆಫ್ರಿಕದ ಪಡಾಕ್ ಕ್ಯಾಮರೂನ್, ಗಾಬನ್, ಕಾಂಗೋ ಕಡೆಯದು. ಬರ್ಮಾದ ಪಡಾಕ್ ಹೂವು ಅಲ್ಲಿನವರಿಗೆ ಹೊಸ ವರ್ಷದ ನೀರಾಟದ ಕಾಲದ ಹೂವು. ಫಿಲಿಪೀನ್ಸಿನ ನಾರಾ ಆ ದೇಶದ ರಾಷ್ಟ್ರವೃಕ್ಷ. ಅಂಡಮಾನಿನದು ಇನ್ನೊಂದು. ಆಂಧ್ರದ ಶೇಷಾಚಲದ ರಕ್ತಚಂದನ ಮತ್ತೊಂದು. ‘ಪುಷ್ಪ’ ಸಿನಿಮಾ ಬಂದ ಮೇಲೆ ಅದಕ್ಕೆ ಯಾರ ಪರಿಚಯವೂ ಬೇಡ. ನೀರಿಗೆ ಹಾಕಿದರೆ ಮುಳುಗುವ ಆ ಮರದ ಮೇಲೆ ಚೀನಾದ ಅರಸರಿಗೆ ಪೀಠೋಪಕರಣದ ಮೋಹ, ಜಪಾನಿನವರಿಗೆ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯದ ಕತ್ತಿನ ಮೋಹ. ಇನ್ನು ಈ ಮನೆತನದಲ್ಲಿ ನಮಗೆ ತೀರ ಹತ್ತಿರದ್ದು ಹೊನ್ನೆ.

ಹೊನ್ನೆಯ ತೊಗಟೆಗೆ ಮಚ್ಚು ತಾಗಿಸಿದರೆ ಕೆಂಪು ರಸ ಸುರಿಯುತ್ತದೆ. ತಮಿಳುನಾಡಿನ ಕಡೆ ಆ ರಸವನ್ನು ಒಣಗಿಸಿ ಎಳೆಮಕ್ಕಳ ಹಣೆಗೆ ಬೊಟ್ಟು ಇಡುತ್ತಾರೆ. ನಮ್ಮಲ್ಲಿ ಹೊನ್ನೆ ಎಂದರೆ ಬಾಗಿಲ ಚೌಕಟ್ಟು, ತೊಲೆ, ಗಾಡಿಯ ಸಾಮಾನು. ಈಚೆಗೆ ಹೊನ್ನೆಯ ಲೋಟವೂ ಬಂದಿದೆ. ಸಕ್ಕರೆ ಕಾಯಿಲೆಯವರು ರಾತ್ರಿ ಅದರಲ್ಲಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುತ್ತಾರೆ. ನೀರು ಟೀ ಬಣ್ಣಕ್ಕೆ ತಿರುಗಿರುತ್ತದೆ. ಕುಡಿಯುವುದು ಬಿಡುವುದು ನಿಮ್ಮ ಡಾಕ್ಟರಿಗೆ ಬಿಟ್ಟದ್ದು. ಲೋಟ ಕೊಂಡೆ ಅಂತ ಮಾತ್ರೆ ನಿಲ್ಲಿಸಬೇಡಿ. ಆದರೆ ಆ ನೀರನ್ನು ಒಮ್ಮೆ ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿದು ನೋಡಿ. ಕಂದು ನೀರಿನ ಅಂಚಿನಲ್ಲಿ ತಿಳಿ ನೀಲಿ ಹೊಳಪು ಆಡುತ್ತದೆ.

ಈ ನೀಲಿಗೆ ದೊಡ್ಡ ಚರಿತ್ರೆಯೇ ಇದೆ. ಮೆಕ್ಸಿಕೋದಿಂದ ಸ್ಪೇನಿಗೆ ಬಂದ ಒಂದು ಮರದ ಚಕ್ಕೆಯನ್ನು ನೀರಿಗೆ ಹಾಕಿದರೆ ನೀರು ನೀಲಿಯಾಗುತ್ತದೆ ಎಂದು ಸೆವಿಲ್ಲಿನ ವೈದ್ಯ ನಿಕೊಲಾಸ್ ಮೊನಾರ್ಡೆಸ್ 1565ರಲ್ಲಿ ಬರೆದ. ಮೂತ್ರಪಿಂಡದ ಕಾಯಿಲೆಗೆ ಮದ್ದು ಎಂದು ಅದು ಯುರೋಪಿನಲ್ಲಿ ಹೆಸರು ಮಾಡಿತು. ಫಿಲಿಪೀನ್ಸಿನ ನಾರಾದಿಂದ ಕಡೆದ ಬಟ್ಟಲುಗಳೂ ಅದೇ ಹೆಸರಿನಲ್ಲಿ ಓಡಾಡಿದವು. 1664ರಲ್ಲಿ ರಾಬರ್ಟ್ ಬಾಯ್ಲ್ ಆ ನೀರಿಗೆ ಹುಳಿ ಹಾಕಿ ನೋಡಿದ, ನೀಲಿ ಮಾಯ. ಕ್ಷಾರ ಹಾಕಿದ, ನೀಲಿ ವಾಪಸ್ಸು. ಇವತ್ತು ನಾವು ಫ್ಲೋರೆಸೆನ್ಸ್ ಎನ್ನುವ ವಿದ್ಯಮಾನವನ್ನು ಜನ ಮೊದಮೊದಲು ಕೂತು ಗಮನಿಸಿದ್ದು ಇಂಥ ಮರದ ಬಟ್ಟಲಿನ ನೀರಿನಲ್ಲಿ. ನಮ್ಮ ಸಂತೆಯಲ್ಲಿ ಮಾರುವ ಲೋಟ ಆ ಬಟ್ಟಲುಗಳ ಹತ್ತಿರದ ನೆಂಟ.

ಅಂಡಮಾನಿಗೂ ಒಂದು ಸುತ್ತು ಹಾಕಿಬಿಡೋಣ. ಪೋರ್ಟ್ ಬ್ಲೇರಿನ ಪಕ್ಕದ ಚಾಥಮ್ ಎಂಬ ಪುಟ್ಟ ದ್ವೀಪದಲ್ಲಿ ಬ್ರಿಟಿಷರು 1883ರಲ್ಲಿ ಒಂದು ಸಾಮಿಲ್ಲು ಹಾಕಿದರು. ಕಾಡಿನಲ್ಲಿ ಕೈದಿಗಳ ದುಡಿಮೆ, ದಿಮ್ಮಿ ಎಳೆಯಲು ಆನೆ. ಅಲ್ಲಿನ ಪಡಾಕ್ ಅಮೆರಿಕಕ್ಕೆ ‘ವರ್ಮಿಲಿಯನ್’ ಎಂಬ ಹೆಸರು ಹೊತ್ತು ಹೋಯಿತು, ಶ್ರೀಮಂತರು ಮಲಗಿ ಪ್ರಯಾಣಿಸುವ ಪುಲ್‌ಮನ್ ರೈಲುಡಬ್ಬಿಗಳ ಒಳಗೋಡೆಗೆ ಹಲಗೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಬಾಂಬು ಆ ಸಾಮಿಲ್ಲಿನ ಮೇಲೂ ಬಿತ್ತು. ಬಿದ್ದ ಗುಂಡಿಯನ್ನು ಇವತ್ತಿಗೂ ಪ್ರವಾಸಿಗರಿಗೆ ತೋರಿಸುತ್ತಾರೆ. ಪಡಾಕ್ ಈಗ ಆ ದ್ವೀಪಗಳ ಅಧಿಕೃತ ಮರ. ರೈಲಿನಲ್ಲಿ ಮಲಗಿದವರಿಗೆ ಹಲಗೆ ಎಲ್ಲಿಯದು, ಕಡಿದವರು ಯಾರು ಎಂದು ಹೊಳೆದಿರಲಾರದು. ನಮ್ಮ ಬಾಗಿಲನ್ನು ನೋಡಿ ನಮಗೂ ಕ್ಯಾಮರೂನಿನ ಯಾವ ಊರು ಎಂದು ಹೊಳೆಯುವುದಿಲ್ಲ ಬಿಡಿ.

ಪಡಾಕಿಗೆ ಇನ್ನೊಂದು ಗುಣ ಇದೆ, ಅದು ಕಣ್ಣಿನದಲ್ಲ, ಕಿವಿಯದು. ಒಣಗಿದ ಪಟ್ಟಿಯೊಂದನ್ನು ಎರಡು ಬೆರಳಿನಲ್ಲಿ ಸಡಿಲವಾಗಿ ಹಿಡಿದು ಗೆಣ್ಣಿನಿಂದ ತಟ್ಟಿದರೆ ‘ಟೊಕ್’ ಅನ್ನುವುದಿಲ್ಲ, ‘ಟಿಣ್’ ಎಂದು ಒಂದು ಗಳಿಗೆ ನಿಲ್ಲುತ್ತದೆ. ಈ ನಾದಕ್ಕಾಗಿಯೇ ಮರಿಂಬಾ, ಜೈಲೊಫೋನ್ ಮಾಡುವವರು ಇದನ್ನು ಹುಡುಕಿಕೊಂಡು ಬರುತ್ತಾರೆ. ಕಚೇರಿಯಲ್ಲಿ ನುಡಿಸುವ ದುಬಾರಿ ವಾದ್ಯಕ್ಕೆ ಹೊಂಡುರಾಸಿನ ರೋಸ್‌ವುಡ್, ಶಾಲೆಯ ಮಕ್ಕಳ ವಾದ್ಯಕ್ಕೆ ಪಡಾಕ್ ಎಂಬುದು ಆ ಕಸುಬಿನ ರೂಢಿ. ಪಟ್ಟಿಯ ಹೊಟ್ಟೆಯ ಭಾಗವನ್ನು ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಹೆರೆಯುತ್ತ ಹೋದರೆ ಸ್ವರ ಇಳಿಯುತ್ತದೆ. ಹೆರೆದದ್ದು ಹೆಚ್ಚಾಯಿತೋ, ತುದಿಗಳನ್ನು ತೆಳುಮಾಡಿ ಸ್ವರ ಏರಿಸಬೇಕು. ವೀಣೆಗೆ ಹಲಸಿನ ದಿಮ್ಮಿಯನ್ನು ತಟ್ಟಿ ಕಿವಿಗೊಟ್ಟು ಆರಿಸುವ ನಮ್ಮ ಕುಶಲಕರ್ಮಿಗಳಿಗೆ ಈ ಕೆಲಸವನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಈಗ ಬಣ್ಣದ ಮಾತಿಗೆ ಬರೋಣ. ಪಡಾಕಿನ ಕಿತ್ತಳೆ ನಿಲ್ಲುವುದಿಲ್ಲ. ಬೆಳಕು ಬಿದ್ದಷ್ಟೂ, ಗಾಳಿ ಆಡಿದಷ್ಟೂ ಅದು ಇಟ್ಟಿಗೆ ಕೆಂಪಾಗಿ, ಆಮೇಲೆ ನೇರಳೆ ಮಿಶ್ರಿತ ಕಂದಾಗಿ, ಕೊನೆಗೆ ಗಾಢ ಕಂದಿಗೆ ಬಂದು ನಿಲ್ಲುತ್ತದೆ. ಬಿಸಿಲು ಬೀಳುವ ಬಾಗಿಲಾದರೆ ಇದೆಲ್ಲ ಬೇಗ ಬೇಗ. ನೇರಳಾತೀತ ಕಿರಣ ತಡೆಯುವ ವಾರ್ನಿಷ್ ಹಾಕಿದರೆ ಓಟ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ದಕ್ಷಿಣ ಅಮೆರಿಕದ ಪರ್ಪಲ್‌ಹಾರ್ಟಿನದು ಇನ್ನೂ ವಿಚಿತ್ರ ನಡೆ. ಕೊಯ್ದಾಗ ಅದು ಬೂದು ಕಂದು, ಯಾರೂ ತಿರುಗಿ ನೋಡುವುದಿಲ್ಲ. ಕೆಲವು ದಿನ ಗಾಳಿ ಬೆಳಕಿಗೆ ಇಟ್ಟರೆ ನೇರಳೆ ಉಕ್ಕಿ ಬರುತ್ತದೆ; ಅವಸರದವರು ಓವನ್ನಿನಲ್ಲಿ ಹದವಾಗಿ ಕಾಯಿಸಿ ಅದನ್ನು ಬೇಗ ಕರೆಸಿಕೊಳ್ಳುತ್ತಾರೆ. ವರ್ಷಗಳು ಉರುಳಿದರೆ ಅದೂ ಕಂದೇ. ಒಟ್ಟಿನಲ್ಲಿ ಬಣ್ಣದಂಗಡಿಯವರು ಕೊಟ್ಟ ಡಬ್ಬದಲ್ಲಿ ಸತ್ಯ ಇಲ್ಲದೆ ಇಲ್ಲ, ಸ್ವಲ್ಪ ಮುಂಚಿತವಾಗಿ ಹೇಳಿದರು ಅಷ್ಟೆ.

ಇದರಲ್ಲಿ ದುಃಖಪಡುವಂಥದ್ದು ಏನೂ ನನಗೆ ಕಂಡಿಲ್ಲ. ಮಲೆನಾಡಿನ, ಕರಾವಳಿಯ ಹಳೆ ಮನೆಗಳ ಹಲಸಿನ ಕಂಬ ಬಾಗಿಲುಗಳನ್ನು ನೋಡಿದವರಿಗೆ ಇದು ಹೊಸ ಸುದ್ದಿಯೇ ಅಲ್ಲ. ಹಳದಿಯಾಗಿ ಮನೆಗೆ ಬಂದ ಹಲಸು ತಾಮ್ರದ ಬಣ್ಣಕ್ಕೆ ತಿರುಗಿ, ಕೈ ತಾಗುವ ಕಡೆಯೆಲ್ಲ ಮಿರುಗುತ್ತಿರುತ್ತದೆ. ಮನೆ ಕಟ್ಟಿಸಿದ ಅಜ್ಜ ‘ಹಳದಿ ಹೋಯಿತು’ ಎಂದು ಯಾರ ಮೇಲೂ ಜಗಳಕ್ಕೆ ಹೋದದ್ದು ನಾನು ಕೇಳಿಲ್ಲ. ಜಗಳ ಬರುವುದು ಅಂಗಡಿಯಲ್ಲಿ ಆಗ ತಾನೇ ತೋಪಡ ಹೊಡೆದ ತುದಿ ನೋಡಿ ಬಾಗಿಲು ಕೊಂಡವರಿಗೆ. ಕೆಲವರು ಹೋದ ಕೆಂಪನ್ನು ವಾಪಸ್ಸು ತರಿಸುತ್ತೇನೆಂದು ಕೆಂಪು ಸ್ಟೇನ್ ಬಳಿಸುತ್ತಾರೆ. ಪಡಾಕಿಗೆ ಪಡಾಕಿನ ಬಣ್ಣ ಬಳಿಯುವುದಕ್ಕಿಂತ ಪ್ಲೈವುಡ್ಡಿಗೇ ಬಳಿದಿದ್ದರೆ ದುಡ್ಡಾದರೂ ಉಳಿಯುತ್ತಿತ್ತು. ಕೆಂಪು ಬೇಕೇ ಬೇಕು ಅಂದರೆ ಮೇಲ್ಪದರವನ್ನು ಕಾಗದದಷ್ಟು ಹೆರೆಸಿ. ಒಳಗೆ ಕಿತ್ತಳೆ ಹಾಗೇ ಕಾದಿರುತ್ತದೆ. ಪ್ರತಿ ದೀಪಾವಳಿಗೂ ಹೆರೆಸುತ್ತ ಹೋದರೆ ಬಾಗಿಲು ಉಳಿಯುವುದಿಲ್ಲ, ಅದು ಬೇರೆ ಮಾತು.

ನನ್ನ ಅಭಿಪ್ರಾಯ ಕೇಳಿದರೆ, ಇಂಥ ಬಣ್ಣದ ಮರ ಸಣ್ಣ ಕೆಲಸಕ್ಕೇ ಒಪ್ಪುತ್ತದೆ. ಚಾಕುವಿನ ಹಿಡಿ, ಪೆನ್ನು, ಒಡವೆಪೆಟ್ಟಿಗೆ, ಚದುರಂಗದ ಕಾಯಿ, ಉಳಿಯ ಹಿಡಿ, ಬಿಳಿ ಮರದ ಮೇಜಿನ ಅಂಚಿಗೆ ಬೆರಳಗಲದ ಒಂದು ಪಟ್ಟಿ. ಮೈಸೂರಿನ ಇನ್‌ಲೇ ಕೆಲಸದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಬೀಟೆಯ ಕಪ್ಪು ಹಿನ್ನೆಲೆಯ ಮೇಲೆ ಆನೆಯ ಅಂಬಾರಿಗೋ ಹೆಣ್ಣಿನ ಸೀರೆಯಂಚಿಗೋ ಬೇರೆ ಮರದ ಉಗುರಗಲದ ತುಂಡು ಕೂರಿಸುತ್ತಾರೆ. ಎಲ್ಲವೂ ಕಾಲಕ್ರಮದಲ್ಲಿ ಮಾಗುತ್ತವೆ, ಆದರೆ ಒಂದೊಂದು ಒಂದೊಂದು ಬಗೆಯಲ್ಲಿ ಮಾಗುವುದರಿಂದ ಚಿತ್ರ ಅಳಿಸಿಹೋಗುವುದಿಲ್ಲ. ಅದೇ ಒಂದು ಇಡೀ ಕಪಾಟನ್ನು ಪಡಾಕಿನಲ್ಲಿ ಮಾಡಿಸಿದರೆ ಮೊದಲ ವರ್ಷ ಕೋಣೆಯಲ್ಲಿ ಬೇರೇನೂ ಕಾಣುವುದಿಲ್ಲ. ಆಮೇಲೆ ಅದು ಬೀಟೆಯೋ ಹೊನ್ನೆಯೋ ಎಂದು ಬಂದವರು ಕೇಳುತ್ತಾರೆ. ಹಾಗಿದ್ದರೆ ಹೊನ್ನೆಯನ್ನೇ ತರಿಸಬಹುದಿತ್ತಲ್ಲ!

ಇಷ್ಟರ ಮೇಲೆ ಕಾನೂನಿನ ಮಾತೂ ಒಂದಿದೆ. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಗೆ ರಕ್ತಚಂದನ 1995ರಲ್ಲೇ ಸೇರಿತ್ತು. 2022ರಲ್ಲಿ ಪನಾಮಾದಲ್ಲಿ ಸೇರಿದ ಸಭೆ ಆಫ್ರಿಕದ ಟೆರೊಕಾರ್ಪಸ್ ಮರಗಳನ್ನೆಲ್ಲ ಅದೇ ಪಟ್ಟಿಯ ಎರಡನೆಯ ಅನುಬಂಧಕ್ಕೆ ಸೇರಿಸಿತು. ಅಂದರೆ ಮಾರುವುದೇ ತಪ್ಪು ಅಂತಲ್ಲ, ದೇಶ ದಾಟುವ ಸರಕಿಗೆ ಕಾಗದಪತ್ರ ಬೇಕು. ಚೀನಾದ ಕೆಂಪು ಮರದ ಪೀಠೋಪಕರಣದ ಹಸಿವಿಗೆ ಪಶ್ಚಿಮ ಆಫ್ರಿಕದ ಅದೇ ಕುಲದ ಮರಗಳು ಲಾರಿಗಟ್ಟಲೆ ಹೋದದ್ದನ್ನು ಕಂಡ ಮೇಲೆ ಬಂದ ಬುದ್ಧಿ ಇದು.

ಆದ್ದರಿಂದ ಪಡಾಕ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಎರಡು ಕೇಳಿ. ಆಮದಿನ ಕಾಗದ ಇದೆಯೇ ಎಂಬುದು ಒಂದು. ಹಳೆಯ ತುಂಡು ಇದ್ದರೆ ತೋರಿಸಿ ಎಂಬುದು ಇನ್ನೊಂದು. ತೋಪಡ ಹೊಡೆದ ತುದಿಯನ್ನು ನೋಡಬೇಡಿ. ಅಂಗಡಿಯ ಹೊರಗೆ ಬಿಸಿಲಿಗೆ ಬಿದ್ದ ಹಲಗೆಯೋ, ಅವರ ಗಲ್ಲಾಪೆಟ್ಟಿಗೆಯ ಮೇಜೋ ಇರುತ್ತದೆ, ಅದನ್ನು ನೋಡಿ. ಆ ಕಂದು ನಿಮಗೆ ಹಿಡಿಸಿದರೆ ಧೈರ್ಯವಾಗಿ ಅಡ್ವಾನ್ಸ್ ಕೊಡಿ.